ಬಾಯಿಯ ಅಳತೆ

ಹಳೆಯ ಕಾಲದ ವಾದ್ಯಗಳಿಗೆ ಅಳತೆ ಎಂಬುದಿರಲಿಲ್ಲ, ಮಾಡುವವರು ಕೈಗೆ ಬಂದಂತೆ ಮಾಡುತ್ತಿದ್ದರು ಎಂಬ ಮಾತು ನಮ್ಮ ಕಡೆ ಈಗ ಬಹಳ ಓಡಾಡುತ್ತಿದೆ. ಚಿಕ್ಕೋಡಿಯ ಮದುವೆಯೊಂದರಲ್ಲಿ ಡ್ರಮ್ ಸೆಟ್ ಬಾರಿಸುವ ಹುಡುಗನಿಂದ ಕೇಳಿದೆ. ವಾದ್ಯ ಮಾರುವ ಅಂಗಡಿಯವರಿಂದ ಕೇಳಿದೆ. ಕಡೆಗೆ ಒಂದು ಶಾಲೆಯ ಸಭೆಯಲ್ಲಿ ಓದಿದವರಿಂದಲೂ ಕೇಳಿದೆ. ಮೊದಲಿನ ಇಬ್ಬರ ಮೇಲೆ ನನಗೆ ಸಿಟ್ಟಿಲ್ಲ. ಹುಡುಗನಿಗೆ ಅವನ ಹೊಟ್ಟೆಪಾಡು, ಅಂಗಡಿಯವರಿಗೆ ಅವರ ವ್ಯಾಪಾರ. ಮೂರನೆಯವರ ಮೇಲೆ ಸಿಟ್ಟಿದೆ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸಂಗತಿ ಸಣ್ಣದು. ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಒಂದು, ಹೆಸರು ಬೇಡ. ಅಲ್ಲಿಯ ಕಪಾಟಿನ ಮೇಲೆ ಹಳೆಯ ಬ್ಯಾಂಡಿನ ನಾಲ್ಕು ಡ್ರಮ್ಮುಗಳಿದ್ದವು. ಒಂದು ದೊಡ್ಡದು, ಮೂರು ಸಣ್ಣವು. ಕಟ್ಟಿಗೆಯ ಮೈ ಗಟ್ಟಿಯಾಗಿತ್ತು, ತೊಗಲು ಹರಿದಿತ್ತು. ಅಂಗಡಿಗೆ ಒಯ್ದರೆ ಅಲ್ಲಿ ಟೇಪು ಹಿಡಿದು, "ಇದು ಹದಿಮೂರೂ ಅಲ್ಲ, ಹದಿನಾಕೂ ಅಲ್ರಿ ಬಾಯಾರ. ಈ ಸೈಜಿಗೆ ಈಗ ಏನೂ ಬರಂಗಿಲ್ಲ" ಎಂದರು. ಸಭೆ ಕೂತಿತು. ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ನಾಲ್ಕನ್ನೂ ಗುಜರಿಗೆ ಬರೆಯುವುದು, ಹೊಸ ಸೆಟ್ ತರಿಸುವುದು ಎಂದಾಯಿತು. ಹೊಸದು ಭಾರ, ಆದ್ದರಿಂದ ಗಂಡುಹುಡುಗರು ಬಾರಿಸಲಿ, ಹೆಣ್ಣುಮಕ್ಕಳಿಗೆ ಲೇಜೀಮು ಇದ್ದೇ ಇದೆಯಲ್ಲ ಎಂದೂ ಒಬ್ಬರು ಸೇರಿಸಿದರು. ಯಾರೂ ಅಲ್ಲವೆನ್ನಲಿಲ್ಲ. ನಾನು ಅಲ್ಲವೆಂದೆ, ಅದನ್ನು ನಡಾವಳಿಯಲ್ಲಿ ಬರೆಯಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತೇನೆ.

ಮೊದಲು ಆ ಮದುವೆಯ ಹುಡುಗನ ಡ್ರಮ್ ಸೆಟ್ಟಿನಿಂದಲೇ ಶುರು ಮಾಡೋಣ. ಆರ್ಕೆಸ್ಟ್ರಾದಲ್ಲಿ ನೀವು ನೋಡಿರುತ್ತೀರಿ: ಕಾಲಿನಿಂದ ಒದೆಯುವ ದೊಡ್ಡದೊಂದು, ಝರ್ ಎನ್ನುವ ಚಪ್ಪಟೆಯದೊಂದು, ನಡುವೆ ಗುಂಡಗಿನವು ಎರಡು ಮೂರು. ಆ ಗುಂಡಗಿನವಕ್ಕೆ ಟಾಮ್ ಎನ್ನುತ್ತಾರೆ. ಹಳೆಯ ಸೆಟ್ಟುಗಳಲ್ಲಿ ಈ ಟಾಮ್‌ಗಳ ಅಳತೆ ಈಗಿನವರಿಗೆ ವಿಚಿತ್ರವಾಗಿ ಕಾಣುತ್ತದಂತೆ. ಯಾಕೆ ವಿಚಿತ್ರ? ಅದರ ಹಿಂದೆ ಒಂದು ಕಥೆಯಿದೆ, ಅದು ನಮ್ಮ ಕಪಾಟಿನ ಮೇಲಿನ ಡ್ರಮ್ಮಿನ ಕಥೆಯೂ ಹೌದು.

ಅಮೆರಿಕದಲ್ಲಿ ಈ ಸೆಟ್ ಹುಟ್ಟಿದ್ದು ಯಾರೋ ಒಬ್ಬರು ಕೂತು ನಕ್ಷೆ ಹಾಕಿದ್ದರಿಂದ ಅಲ್ಲ. ಮೊದಲು ದೊಡ್ಡ ಡ್ರಮ್ ಒಬ್ಬರು, ಸಣ್ಣದು ಇನ್ನೊಬ್ಬರು ಬಾರಿಸುತ್ತಿದ್ದರು. 1909ರ ಸುಮಾರಿಗೆ ಲುಡ್ವಿಗ್ ಎಂಬ ಕಂಪನಿ ಕಾಲಿನ ಪೆಡಲನ್ನು ಮಾರುಕಟ್ಟೆಗೆ ತಂದಮೇಲೆ ಒಬ್ಬನೇ ಕೂತು ಎಲ್ಲವನ್ನೂ ಬಾರಿಸುವುದು ಸುಲಭವಾಯಿತು. ದೊಡ್ಡ ಡ್ರಮ್ಮು ಪಲ್ಟನ್ನಿನ ಮೆರವಣಿಗೆಯಿಂದ ಬಂದದ್ದು, ಆದ್ದರಿಂದ 26, 28 ಅಂಗುಲ ಅಗಲ. ಟಾಮ್ ಬಂದದ್ದು ಅಲ್ಲಿಗೆ ವಲಸೆ ಹೋದ ಚೀನೀ ಜನರಿಂದ. ಬಣ್ಣ ಬಳಿದ ಮೈಯ ಮೇಲೆ ಹಂದಿಯ ತೊಗಲು ಎಳೆದು ಸುತ್ತಲೂ ಮೊಳೆ ಹೊಡೆದದ್ದು. ಮೊಳೆ ಹೊಡೆದಮೇಲೆ ಮುಗಿಯಿತು, ಬಿಗಿ ಮಾಡಲು ತಿರುಪು ಇಲ್ಲ. ಹೆಚ್ಚುಕಡಿಮೆ ನಾದ ಬೇಕಾದರೆ ಹೆಚ್ಚುಕಡಿಮೆ ಗಾತ್ರದ್ದನ್ನೇ ಇಟ್ಟುಕೊಳ್ಳಬೇಕು. 1930ರ ದಶಕದಲ್ಲಿ ಜೀನ್ ಕ್ರೂಪಾ ಎಂಬ ವಾದಕ ಸ್ಲಿಂಗರ್‌ಲ್ಯಾಂಡ್ ಕಂಪನಿಯ ಕೂಡ ಕೂತು, ಎರಡೂ ಕಡೆ ತಿರುಪಿನಿಂದ ಬಿಗಿ ಮಾಡಬಹುದಾದ ಟಾಮ್‌ಗಳನ್ನು ಮಾಡಿಸಿಕೊಂಡ. 13 ಅಂಗುಲ ಅಗಲ 9 ಅಂಗುಲ ಆಳದ್ದು ಒಂದು, 16ಕ್ಕೆ 16ರದ್ದು ಇನ್ನೊಂದು. ಅವನಿಗೆ ಬೇಕಾದ ನಾದಕ್ಕೆ ಅವನು ಮಾಡಿಸಿಕೊಂಡದ್ದು ಆಮೇಲೆ ಎಲ್ಲರ ಅಳತೆಯಾಯಿತು. ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ನಾಲ್ಕೈದು ಜನರೇ ಸೇರಿ ನುಡಿಸುವ ಕಾಲ ಬಂದಾಗ ಅದೇ ಡ್ರಮ್ಮುಗಳು ಕುಗ್ಗಿದವು: ದೊಡ್ಡದು 20, ಟಾಮ್ 12, 14.

ಇಷ್ಟು ದಿನವೂ ಮೇಲಿದ್ದದ್ದು ಕರುವಿನ ತೊಗಲು. ನೀರಲ್ಲಿ ನೆನೆಸಿ, ಕಟ್ಟಿಗೆಯ ಬಳೆಗೆ ಸುತ್ತಿ, ಅಂಚನ್ನು ಒಳಗೆ ಮಡಿಸಿ ತುರುಕಿ, ಒಣಗಲು ಬಿಡಬೇಕು. ಬಳೆ ಎಷ್ಟಗಲವಿದ್ದರೂ ತೊಗಲಿಗೆ ಚಿಂತೆಯಿಲ್ಲ. ಕಾಲಂಗುಲ ಹೆಚ್ಚಾದರೆ ಕತ್ತರಿಯನ್ನು ಕಾಲಂಗುಲ ಆಚೆ ಹಾಕಿದರಾಯಿತು. ಮಳೆಗಾಲದಲ್ಲಿ ತೊಗಲು ಸಡಿಲ ಬೀಳುತ್ತದೆಂದು ದೊಡ್ಡ ಡ್ರಮ್ಮಿನ ಹೊಟ್ಟೆಯಲ್ಲಿ ವಿದ್ಯುತ್ ಬಲ್ಬು ಹೊತ್ತಿಸಿಡುತ್ತಿದ್ದರು. ಅದರ ಮುಖದ ಮೇಲೆ ಬರೆದ ಗುಡ್ಡ, ಹೊಳೆಗಳ ಚಿತ್ರ ಆ ಬೆಳಕಿನಲ್ಲಿ ಹೊಳೆಯುತ್ತಿತ್ತು. ನನಗೆ ಇದು ಬಹಳ ಹಿಡಿಸಿದ ಸಂಗತಿ. ನಮ್ಮ ಹಲಗಿಯವರು ಹೋಳಿ ಹುಣ್ಣಿವೆಯಲ್ಲಿ ಕಣಿಕೆ, ಹುಲ್ಲು ಉರಿಸಿ ಹಲಗಿ ಕಾಸುತ್ತಾರಲ್ಲ, ಅದೇ ಕೆಲಸ.

1957ರ ಹೊತ್ತಿಗೆ ಪ್ಲಾಸ್ಟಿಕ್ ಬಂತು. ರೆಮೋ ಬೆಲ್ಲಿ ಎಂಬವರು ಹಾಳೆಯಂಥ ಪ್ಲಾಸ್ಟಿಕ್ಕಿನ ಮುಖ ಮಾಡಿ ಮಾರತೊಡಗಿದರು. ಮಳೆಗೆ ಅಂಜುವುದಿಲ್ಲ, ಹರಿದರೆ ಹೊಸದು ಸಿಗುತ್ತದೆ. ಒಳ್ಳೆಯದೇ. ಆದರೆ ಅದು ಕಾರಖಾನೆಯಿಂದಲೇ ತನ್ನ ಲೋಹದ ಬಳೆ ತೊಟ್ಟುಕೊಂಡು ಬರುತ್ತದೆ. ಹದಿನಾಲ್ಕೆಂದರೆ ಹದಿನಾಲ್ಕೇ. 1964ರಲ್ಲಿ ಬೀಟಲ್ಸ್ ತಂಡ ಅಮೆರಿಕದ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡಮೇಲೆ ಹುಡುಗರೆಲ್ಲ ಡ್ರಮ್ ಕೊಳ್ಳಲು ಓಡಿದರು, ಕಾರಖಾನೆಗಳು ಬಿಡುವಿಲ್ಲದೆ ಓಡಿದವು. ಅಂಥ ಓಟದಲ್ಲಿ ಒಬ್ಬೊಬ್ಬರ ಅಳತೆ ಕೇಳುತ್ತ ಕೂಡುವವರು ಯಾರು? ಇಂಗ್ಲೆಂಡಿನ ಪ್ರೀಮಿಯರ್ ಕಂಪನಿಯ ಹಳೆಯ ಡ್ರಮ್ಮುಗಳು ಕೂದಲೆಳೆಯಷ್ಟು ದೊಡ್ಡವು, ಅವಕ್ಕೆ ಇಂದಿನ ಮುಖ ಕೂಡುವುದಿಲ್ಲ. ಅವು ಹುಟ್ಟಿದಾಗ ಸರಿಯಾಗಿಯೇ ಇದ್ದವು. ಹೊರಗಿನ ಬಳೆ ಬದಲಾಯಿತು, ದೋಷವನ್ನು ಡ್ರಮ್ಮಿನ ಮೇಲೆ ಹೊರಿಸಿದರು. ನಮ್ಮ ಕಪಾಟಿನ ಮೇಲಿನ ನಾಲ್ಕರ ಅಪರಾಧವೂ ಇಷ್ಟೇ.

ಈ ಕಥೆಯಲ್ಲಿ ಒಬ್ಬ ಹೆಣ್ಣುಮಗಳೂ ಇದ್ದಾಳೆ, ಅವಳನ್ನು ಬಿಟ್ಟು ಮುಂದೆ ಹೋಗಲಾರೆ. ವಯೋಲಾ ಸ್ಮಿತ್, 1912ರಲ್ಲಿ ಹುಟ್ಟಿದವಳು. ಅಕ್ಕತಂಗಿಯರ ವಾದ್ಯತಂಡದಲ್ಲಿ ಅವಳ ಪಾಲಿಗೆ ಡ್ರಮ್ ಬಂತು. ಟಾಮ್ ಎಂದರೆ ಸೊಂಟದ ಎತ್ತರಕ್ಕಿರಬೇಕು ಎನ್ನುವುದು ವಾಡಿಕೆ. ಅವಳು 16 ಅಂಗುಲದ ಎರಡನ್ನು ಎರಡೂ ಭುಜಗಳ ಮಟ್ಟಕ್ಕೆ ಏರಿಸಿಕೊಂಡು, ಹನ್ನೆರಡಕ್ಕೂ ಮೇಲ್ಪಟ್ಟು ವಾದ್ಯಗಳ ನಡುವೆ ಕೂತು ಬಾರಿಸಿದಳು. ಮಹಾಯುದ್ಧದ ಕಾಲ, 1942ರಲ್ಲಿ, ಗಂಡಸರು ರಣರಂಗಕ್ಕೆ ಹೋಗಿರುವಾಗ ತಂಡಗಳಲ್ಲಿ ಹೆಣ್ಣು ವಾದಕರನ್ನು ಯಾಕೆ ಸೇರಿಸಿಕೊಳ್ಳಬಾರದು ಎಂದು ಸಂಗೀತದ ಪತ್ರಿಕೆಯೊಂದರಲ್ಲಿ ಬರೆದಳು. 107 ವರ್ಷ ಬಾಳಿ 2020ರಲ್ಲಿ ತೀರಿಕೊಂಡಳು. ಭಾರ ಹೆಣ್ಣುಮಕ್ಕಳಿಗೆ ಆಗದು ಎನ್ನುವ ನಮ್ಮ ಸಭೆಯವರಿಗೆ ಈ ಅಜ್ಜಿಯ ಫೋಟೋ ತೋರಿಸಬೇಕೆಂದು ನನ್ನಾಸೆ.

ಇನ್ನು ನಮ್ಮೂರಿಗೆ ಬರೋಣ. ಅಳತೆಯಿಲ್ಲದ ವಾದ್ಯಗಳೇ ಇವು? ಹಲಗಿ ಮಾಡುವವರಿಗೆ ಎಮ್ಮೆಗರುವಿನ ತೊಗಲಿನಲ್ಲಿ ಎಷ್ಟು ಭಾಗ ಒಂದೇ ದಪ್ಪ ಇದೆ ಎಂಬುದೇ ಮೊದಲ ಅಳತೆ. ಬಾರಿಸುವವನ ತೋಳು ಎರಡನೆಯದು. ಎಡಗೈಯಲ್ಲಿ ಹಿಡಿದು, ಅಂಚಿನ ಮೇಲೆ ಅದೇ ಕೈಯ ಬೆರಳಿಂದ ಸಣ್ಣ ಕಡ್ಡಿ ಆಡಿಸಬೇಕು. ಡೊಳ್ಳು ಮರ ಕೊರೆದು ಮಾಡಿದ್ದು, ಮರದ ಬೊಡ್ಡೆ ಎಷ್ಟು ದಪ್ಪವೋ ಡೊಳ್ಳು ಅಷ್ಟು. ಕರಡಿ ಮಜಲಿನ ಕರಡಿಯೂ ಹಾಗೆಯೇ. ರಾಯಬಾಗ, ಅಥಣಿ ಕಡೆಯ ಗೀಗೀ ಮೇಳಗಳನ್ನು ಕೇಳಿದವರಿಗೆ ಗೊತ್ತು, ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡಿ ಸವಾಲು ಹಾಕುತ್ತಾರೆ. ನಾಗೇಶಿ ಹಾಡುವ ಹೆಣ್ಣುಮಗಳು ದಪ್ಪು ಕೈಯಲ್ಲೇ ಹಿಡಿದು ರಾತ್ರಿಯಿಡೀ ನಿಲ್ಲುತ್ತಾಳೆ. ಆ ದಪ್ಪು ಅವಳ ಕೈಗೆ ಭಾರವಾಗಬಾರದು, ಅವಳ ದನಿಯನ್ನು ನುಂಗಬಾರದು. ಹೀಗೆ ನೋಡಿದರೆ ಇವಕ್ಕೆ ಒಂದಲ್ಲ, ಮೂರು ನಾಲ್ಕು ಅಳತೆಗಳಿವೆ. ಅಂಗಡಿಯ ಟೇಪಿನಲ್ಲಿ ಅವು ಇಲ್ಲ, ಅಷ್ಟೇ.

ತೊಗಲಿನ ಮಾತು ಬಂದಮೇಲೆ ಅಥಣಿಯ ಚಪ್ಪಲಿ ನೆನೆಯದೆ ಇರಲಾಗದು. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಗಳನ್ನು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಲ್ಲಿ ಮಾಡುತ್ತ ಬಂದಿದ್ದಾರೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಇವೆ, ಬೆಳಗಾವಿ ಅದರಲ್ಲೊಂದು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನಿನ ಮೆರವಣಿಗೆಯಲ್ಲಿ ತೋರಿಸಿ, ಮೊದಲಿಗೆ ಎಲ್ಲಿಯದೆಂದು ಹೇಳದೆ ಬೈಸಿಕೊಂಡದ್ದನ್ನು ನೀವೂ ಓದಿದ್ದೀರಿ. ಹೆಣೆಯುವ, ಹೊಲಿಯುವ ನಯದ ಕೆಲಸವೆಲ್ಲ ಬಹುಪಾಲು ಹೆಂಗಸರದು. ನನ್ನ ಚಿಕ್ಕಂದಿನಲ್ಲಿ ಚಪ್ಪಲಿಗೆ ಹೋದರೆ ನಂಬರು ಕೇಳುತ್ತಿರಲಿಲ್ಲ. "ಪಾದ ಇಡು ತಂಗಿ" ಎಂದು ತೊಗಲಿನ ಮೇಲೆ ಕಾಲಿರಿಸಿ ಸುತ್ತ ಗೆರೆ ಎಳೆಯುತ್ತಿದ್ದರು. ನನ್ನ ತಾಯಿಯ ಎಡಗಾಲು ಬಲಗಾಲಿಗಿಂತ ತುಸು ಅಗಲ. ಅವಳ ಚಪ್ಪಲಿ ಎಡದ್ದು ಅಗಲವೇ ಇರುತ್ತಿತ್ತು. ಈಗ ಆರೋ ಏಳೋ ನಂಬರು ಹೇಳಬೇಕು, ಕಾಲು ಅದಕ್ಕೆ ಒಗ್ಗಬೇಕು, ಒಗ್ಗುವತನಕ ಹಿಮ್ಮಡಿ ಸುಲಿಯಬೇಕು. ಚಪ್ಪಲಿಯ ತೊಗಲು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ್ದು, ವಾದ್ಯದ್ದು ಹದ ಮಾಡದ ಹಸಿ ತೊಗಲು. ಕೆಲಸ ಬೇರೆ ಬೇರೆ. ಆದರೆ ಎರಡರಲ್ಲೂ ಅಳತೆ ಎದುರಿಗೆ ನಿಂತ ಮನುಷ್ಯರಿಂದ ಶುರುವಾಗುತ್ತಿತ್ತು.

ಈಗ ಹೆಣ್ಣುಮಕ್ಕಳು ಗಮನಿಸಬೇಕಾದ ಒಂದು ಮಾತು. ತಬಲಾದ ಮುಖಕ್ಕೆ ಬಾಯಿ ಎನ್ನುತ್ತಾರೆ. ಗಂಡಸರ ಹಾಡಿಗೆ ಸಾಮಾನ್ಯವಾಗಿ ಕಪ್ಪು ಒಂದರ ಶ್ರುತಿಗೆ ಕಟ್ಟಿದ ತಬಲಾ, ಬಾಯಿ ಐದೂವರೆ ಅಂಗುಲದ ಸುತ್ತ. ಹೆಂಗಸರ ಹಾಡಿಗೆ ಕಪ್ಪು ನಾಲ್ಕು ಅಥವಾ ಐದು, ಅದಕ್ಕೆ ಆರು ಅಂಗುಲದ ಸುತ್ತಿನ ಬಾಯಿ ಬೇಕು. ಕೇಳಿದವರು ಅಚ್ಚರಿಪಡುತ್ತಾರೆ, ಹೆಂಗಸರ ದನಿ ಮೇಲಿನದು, ತಬಲಾ ಸಣ್ಣದಿರಬೇಕಲ್ಲವೇ ಎಂದು. ಗಂಡಸಿನ ಷಡ್ಜಕ್ಕೆ ತಬಲಾವನ್ನು ಒಂದು ಸಪ್ತಕ ಮೇಲೆ ಕೂಡಿಸುತ್ತಾರೆ, ಹೆಂಗಸಿಗೆ ಅವಳ ಷಡ್ಜದಲ್ಲೇ ಕೂಡಿಸುತ್ತಾರೆ. ಲೆಕ್ಕ ಹಾಕಿದರೆ ಹೆಂಗಸಿನ ತಬಲಾದ ನಾದ ಕೆಳಗೆ ಬರುತ್ತದೆ. ಬಾಯಿ ಅಗಲವಾದಷ್ಟು ನಾದ ತಗ್ಗು, ಬಿಗಿದಷ್ಟು ಏರು. ವಿಜ್ಞಾನದ ಬಾಯಾರನ್ನು ಕೇಳಿ ಖಾತ್ರಿ ಮಾಡಿಕೊಂಡೇ ಬರೆಯುತ್ತಿದ್ದೇನೆ. ಹೆಣ್ಣಿಗೆ ಬಾಯಿ ದೊಡ್ಡದಿರಬಾರದೆಂದು ಬೆಳೆಸಿದ ನಮಗೆ, ನಮ್ಮ ಹಾಡಿಗೆ ದೊಡ್ಡ ಬಾಯಿಯೇ ಬೇಕೆಂದು ಯಾರೂ ಹೇಳಿರಲಿಲ್ಲ.

ಕಾಗವಾಡ ದಾಟಿದರೆ ಮಿರಜ. ಅಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಪಂಢರಪುರದ ಕಡೆ ಬೆಳೆಯುವ ಸೋರೆಬುರುಡೆಯಿಂದ ತಂಬೂರಿ ಆಗುತ್ತದೆ. ಬಳ್ಳಿ ಕೊಟ್ಟ ಗಾತ್ರ ನೋಡಿ ಇದು ಗಂಡಸರ ಶ್ರುತಿಗೆ, ಇದು ಹೆಂಗಸರದಕ್ಕೆ ಎಂದು ಆರಿಸುತ್ತಾರೆ. ಹೀರಾಬಾಯಿ ಬಡೋದೇಕರ್ 1905ರಲ್ಲಿ ಹುಟ್ಟಿದ್ದು ಇದೇ ಮಿರಜದಲ್ಲಿ. ಹೆಂಗಸರು ಎದುರಿಗೆ ಕೂತು ಟಿಕೇಟಿನ ಕಛೇರಿ ಮಾಡುವುದನ್ನು ಗೌರವದ ಕೆಲಸವಾಗಿಸಿದವರಲ್ಲಿ ಅವರು ಮೊದಲಿಗರು. ನಮ್ಮ ಗಂಗೂಬಾಯಿ ಹಾನಗಲ್ಲರ ದನಿಯೋ, ಗಂಟಲಿನ ಚಿಕಿತ್ಸೆಯ ನಂತರ ಗಂಡಸಿನಷ್ಟು ಕೆಳಗಿಳಿಯಿತು. ಹೆಂಗಸಿಗೆ ಇದು, ಗಂಡಸಿಗೆ ಅದು ಎಂಬ ಎರಡೇ ಅಳತೆಗಳಿಗೂ ಅವರು ಸಿಗಲಿಲ್ಲ. ಅವರಿಗೆ ತಕ್ಕಂತೆ ತಂಬೂರಿ, ತಬಲಾ ಕೂಡಿಸಿದರು, ಅವರು ಹಾಡಿದರು. ಹೊಂದುವ ಸೈಜು ಇಲ್ಲವೆಂದು ಅವರನ್ನು ಯಾರಾದರೂ ರಜಿಸ್ಟರಿಗೆ ಹಾಕಿದ್ದರೆ?

ಇದು ದೊಡ್ಡ ಕಲಾವಿದರ ಮಾತು, ನಮಗೇನು ಎನ್ನಬೇಡಿ. ನಾಳೆ ಬೆಳಿಗ್ಗೆ ನಿಮ್ಮ ಮಗಳ ಶಾಲೆಯ ಪ್ರಾರ್ಥನೆಗೆ ಹೋಗಿ ನಿಂತು ಕೇಳಿ. ಹಾರ್ಮೋನಿಯಂ ಹಿಡಿದ ಮಾಸ್ತರರು ತಮ್ಮ ಗಂಟಲಿಗೆ ಒಗ್ಗುವ ಮನೆಯಲ್ಲಿ ಶುರು ಮಾಡುತ್ತಾರೆ. ಗಂಡುಹುಡುಗರು ಹೇಗೋ ಕೂಗುತ್ತಾರೆ. ಎಂಟು ಒಂಬತ್ತನೆಯ ಹೆಣ್ಣುಮಕ್ಕಳು ಕೆಳಗಿನ ಸಾಲು ಬಂದಾಗ ತುಟಿ ಆಡಿಸುತ್ತಾರೆ, ದನಿಯಿಲ್ಲ. ಮೇಲಿನ ಸಾಲಿಗೆ ಬಂದಾಗ ಒಂದು ಸಪ್ತಕ ಹಾರಿ ಕಿರುಚುತ್ತಾರೆ. ಹೆಣ್ಣುಮಕ್ಕಳಿಗೆ ದನಿಯೇ ಇಲ್ಲ, ನಾಚುತ್ತಾರೆ ಎಂದು ವರ್ಷಾನುಗಟ್ಟಲೆ ಕೇಳಿದ್ದೇನೆ. ನಾಲ್ಕು ಮನೆ ಆಚೆ ಹಿಡಿದು ನೋಡಿ. ನಾನು ರಾಯಬಾಗ ಕಡೆ ಇದ್ದಾಗ ಹಿಡಿಸಿದ್ದೆ. ಅಂದು ಹಿಂದಿನ ಸಾಲಿನವರೂ ಹಾಡಿದರು, ಮಾಸ್ತರರಿಗೆ ಮಾತ್ರ ಕೆಮ್ಮು ಬಂತು.

ನನ್ನ ಮಾತಿಗೆ ಅಡ್ಡ ಮಾತುಗಳಿವೆ, ಅವನ್ನೂ ಕೇಳಬೇಕು. ಸುಲಭದ್ದೊಂದು: ಪ್ಲಾಸ್ಟಿಕ್ಕು ಮಳೆಯಲ್ಲಿ ನಿಲ್ಲುತ್ತದೆ, ಬಾಳಿಕೆ ಬರುತ್ತದೆ. ಹೌದು. ಆಗಸ್ಟ್ ಹದಿನೈದರ ಜಡಿಮಳೆಯಲ್ಲಿ ತೊಗಲಿನ ಡ್ರಮ್ಮು ಸೆಗಣಿಗೆ ಹೊಡೆದಂತೆ ಸದ್ದು ಮಾಡುತ್ತದೆ. ಹೊಸದೂ ಇರಲಿ, ಅದಕ್ಕೆ ನನ್ನ ವಿರೋಧವಿಲ್ಲ. ಹೊಸದು ಬಂದ ಮಾತ್ರಕ್ಕೆ ಹಳೆಯದು ಗುಜರಿ ಯಾಕೆ ಎನ್ನುವುದಷ್ಟೇ ಪ್ರಶ್ನೆ.

ಕಷ್ಟದ್ದು ಇನ್ನೊಂದು. ತೊಗಲನ್ನು ಮುಟ್ಟುವವರನ್ನು ಊರು ಹೇಗೆ ನಡೆಸಿಕೊಂಡಿತು ಎಂಬುದು ನಮಗೆಲ್ಲ ಗೊತ್ತು. ಸತ್ತವರ ಮುಂದೆ, ಡಂಗುರಕ್ಕೆ, ಜಾತ್ರೆಗೆ ಬಿಟ್ಟಿಯಾಗಿ ಹಲಗಿ ಹೊಡೆಸಿದರು, ದೂರ ನಿಲ್ಲಿಸಿ ಅನ್ನ ಹಾಕಿದರು. ಇನ್ನು ಮುಟ್ಟುವುದಿಲ್ಲ ಎಂದು ಹಲಗಿ ಕೆಳಗಿಟ್ಟ ದಲಿತ ಹುಡುಗರು ಎಷ್ಟೋ ಜನ. ಅವರಿಗೆ ನಾನು ಒಂದು ಮಾತೂ ಹೇಳುವವಳಲ್ಲ, ಅದು ಅವರ ಸ್ವಾಭಿಮಾನದ ನಿರ್ಧಾರ. ಹಲಗಿಯನ್ನು ವೇದಿಕೆಗೇರಿಸಿ, ಕೂಲಿ ಗೊತ್ತುಮಾಡಿ, ಹೆಮ್ಮೆಯಿಂದ ಬಾರಿಸುವ ತಂಡಗಳೂ ಇವೆ, ಅದೂ ಅವರದೇ ನಿರ್ಧಾರ. ನನ್ನ ಜಗಳ ಇವರಿಬ್ಬರಲ್ಲಿ ಯಾರ ಜೊತೆಗೂ ಅಲ್ಲ. ತೊಗಲಿನ ಕೆಲಸವನ್ನು ಹೊಲಸೆಂದು ಹೇಳುತ್ತ, ಅದೇ ಕೈಗಳು ಮಾಡಿದ ಚಪ್ಪಲಿ ಮೆಟ್ಟಿ ಸಭೆಗೆ ಬಂದು, ತೊಗಲು ಹಾಕಿಸುವುದು ಬೇಡ, ವಾಸನೆ ಎನ್ನುವವರ ಜೊತೆ. ಆ ಸಭೆಯಲ್ಲಿ ಈ ಮಾತೂ ಬಂತು. ನಾಲ್ಕು ಡ್ರಮ್ಮಿಗೆ ತೊಗಲು ಹಾಕಿಸಿದರೆ ಆ ಕಸುಬಿನ ಒಂದು ಮನೆಗೆ ನ್ಯಾಯವಾದ ಕೂಲಿ ಹೋಗುತ್ತಿತ್ತು, ಹೊಸ ಸೆಟ್ಟಿನ ಬೆಲೆಯ ಎಷ್ಟೋ ಕಡಿಮೆಯಲ್ಲಿ. ಅದರ ಲೆಕ್ಕ ಯಾರೂ ಕೇಳಲಿಲ್ಲ.

ಇನ್ನು ಭಾರದ ಮಾತು. ನಮ್ಮ ಹುಡುಗಿಯರು ಒಂದು ಕೊಡ ತಲೆಯ ಮೇಲೆ, ಒಂದು ಸೊಂಟದ ಮೇಲೆ ಹೊತ್ತು ಬಂದು, ಆಮೇಲೆ ಶಾಲೆಗೆ ಬರುವವರು. ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರ ಮಕ್ಕಳು, ಕಬ್ಬಿನ ರವದಿ ಹೊರುವವರ ಮಕ್ಕಳು. ಗ್ಯಾಸಿನ ತುಂಬಿದ ಸಿಲಿಂಡರು ಮೂವತ್ತು ಕಿಲೋದ ಆಸುಪಾಸು, ಅದನ್ನು ಉರುಳಿಸಿ ಒಳಗೆ ತರುವಾಗ ಭಾರವೆಂದು ಯಾರೂ ಸಭೆ ಕೂಡಿಸುವುದಿಲ್ಲ. ಹೆಂಗಸರ ಡೊಳ್ಳಿನ ತಂಡಗಳು ಮಲೆನಾಡಿನಿಂದ ಬಂದು ದೊಡ್ಡ ದೊಡ್ಡ ಮೆರವಣಿಗೆಗಳಲ್ಲಿ ಕುಣಿದು ಹೋಗಿವೆ, ಡೊಳ್ಳು ಕೊರಳಿಗೆ ಹಾಕಿಕೊಂಡೇ. ಬ್ಯಾಂಡಿನ ಡ್ರಮ್ಮು ಪಲ್ಟನ್ನಿನ ಸಿಪಾಯಿಯ ಎದೆಗೆ ತಕ್ಕಂತೆ ಮಾಡಿದ್ದು, ಹದಿಮೂರರ ಹುಡುಗಿಗೆ ಮೊಣಕಾಲಿಗೆ ಬಡಿಯುತ್ತದೆ, ಒಪ್ಪುತ್ತೇನೆ. ಹಾಗಿದ್ದರೆ ಅವಳ ಎದೆಗೆ ತಕ್ಕದ್ದನ್ನು ಮಾಡಿಸಿರಿ. ಕಪಾಟಿನ ಮೇಲಿದ್ದ ಮೂರು ಸಣ್ಣವು ಈಗಿನ ಅಳತೆಗಿಂತ ಕಿರಿದು, ಹಗುರ. ಹುಡುಗಿಯರ ಕೊರಳಿಗೆ ಅವೇ ಸರಿಯಾಗಿದ್ದವು.

ಗುಜರಿಯವನು ಬರುವುದು ಇನ್ನೂ ಬಾಕಿಯಿದೆ ಎಂದು ಕೇಳಿದ್ದೇನೆ. ಊರಲ್ಲಿ ವಾದ್ಯಕ್ಕೆ ತೊಗಲು ಹಾಕುವ ಮುದುಕರೊಬ್ಬರಿದ್ದಾರೆ. ಅವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಟೇಪು ತರಲಿಲ್ಲ. ಗೇಣು ಹಾಕಿ ನೋಡಿದರು, ಕಟ್ಟಿಗೆಗೆ ಬೆರಳಿಂದ ಕುಟ್ಟಿ ಕಿವಿ ಹಚ್ಚಿದರು. "ಮೈ ಚಲೋ ಐತಿ ಬಾಯಾರ. ಆಡಿನ ತೊಗಲ ಹಾಕೂಣು. ಬಿಸಲ ಇರೂ ವಾರ ನೋಡಿ ಹೇಳ್ರಿ" ಎಂದರು. ಕೂಲಿ ಎಷ್ಟೆಂದು ಕೇಳಿ ಚೀಟಿಯಲ್ಲಿ ಬರೆದುಕೊಂಡು, ಸಭೆಯ ಮುಖ್ಯಸ್ಥರಿಗೆ ಅರ್ಜಿ ಕೊಟ್ಟಿದ್ದೇನೆ, ಪೋಚ್ ಪಡೆದಿದ್ದೇನೆ. ಆ ಊರಿನ ತಾಯಂದಿರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಪಾಲಕರ ಸಭೆಯಲ್ಲಿ ನಾಲ್ಕು ಡ್ರಮ್ಮು ಎಲ್ಲಿ ಎಂದು ಕೇಳಿರಿ.